ನಾಲ್ಕನೇ ಬಾಟಲಿಯ ನೀಲಿ

ಪ್ರಯೋಗಾಲಯದ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆಗೆದ ಶಾರದಾಂಬ ಒಳಗೆ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತಂದರು.

ನಾಲ್ಕನೇ ಬಾಟಲಿ ನೀಲಿಯಾಗಿತ್ತು.

ಬೆಳಿಗ್ಗೆ ಎಂಟಕ್ಕೆ ಅದರಲ್ಲಿ ಬಣ್ಣವಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದು ಅವರೇ. ‘ಮಂಟಪದ ತೊಟ್ಟಿಯ ನೀರಿನಲ್ಲಿ ದೋಷವಿಲ್ಲ’ ಎಂದು ಬರೆದು ಸಹಿ ಹಾಕಿ, ಅದರ ಫೋಟೋವನ್ನು ಸಬ್ ಇನ್‌ಸ್ಪೆಕ್ಟರ್ ಯೋಗೇಂದ್ರರ ಮೊಬೈಲಿಗೆ ಕಳಿಸಿ, ಎಂಟೂಕಾಲರ ಶೃಂಗೇರಿ ಬಸ್ಸು ಹತ್ತಿದ್ದೂ ಅವರೇ. ಈಗ ಗೋಡೆ ಗಡಿಯಾರದಲ್ಲಿ ಹನ್ನೆರಡೂ ಹತ್ತು. ಎಡಗೈ ಮುಷ್ಟಿಯಲ್ಲಿ ಅಮ್ಮನವರ ಕುಂಕುಮದ ಪೊಟ್ಟಣ ಇನ್ನೂ ಇತ್ತು.

ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಕಿಟಕಿಯ ಮೇಲಿಟ್ಟರು. ಆಮೇಲೆ ಕುರ್ಚಿ ಎಳೆದು ಕುಳಿತರು.

ಹನ್ನೆರಡು ದಿನದ ಹಿಂದೆ ನರಸಿಂಹರಾಜಪುರದ ಹೊರಗಿನ ಗಜಾನನರ ಕಲ್ಯಾಣಮಂಟಪದಲ್ಲಿ ಪಂಚಾಮೃತ ತೆಗೆದುಕೊಂಡು ಊಟ ಮಾಡಿದವರಲ್ಲಿ ಮೂವತ್ತೊಂದು ಜನ ವಾಂತಿಭೇದಿಯಿಂದ ಮಲಗಿದ್ದರು. ಯಜ್ಞೇಶ ಭಟ್ಟರು ಏಳಲೇ ಇಲ್ಲ. ಪಂಚಾಮೃತಕ್ಕೆ ಹಸಿ ಹಾಲು ಕೊಟ್ಟವರು ಭೈರಮ್ಮ. ಅವರ ಹಾಲಿನ ಕ್ಯಾನು ತೊಳೆದ ನೀರಿನಲ್ಲಿ, ಅಂದರೆ ಎರಡನೇ ಬಾಟಲಿಯಲ್ಲಿ, ಬೆಳಗಾಗುವ ಮೊದಲೇ ರೋಗಾಣುವಿನ ಗುರುತಾದ ನೀಲಿ ತುಂಬಿತ್ತು. ಭೈರಮ್ಮನ ಮನೆಯ ಬಾವಿ ನೀರಿನ ಮೂರನೇ ಬಾಟಲಿ ಸ್ವಚ್ಛ. ಒಂದನೆಯದು ಕುದಿಸಿ ಆರಿಸಿದ ನೀರು, ಹೋಲಿಸಿ ನೋಡಲು ಇಟ್ಟದ್ದು.

ಭೈರಮ್ಮ ದಿನವೂ ಹಾಲು ಹಾಕಿ ಹೋಗುವಾಗ ಕ್ಯಾನು ತೊಳೆಯುತ್ತಿದ್ದುದು ಮಂಟಪದ ತೊಟ್ಟಿಯ ನಲ್ಲಿಯಲ್ಲಿ. ತೊಟ್ಟಿಯೇ ಕೆಟ್ಟಿದ್ದರೆ ಕ್ಯಾನು ಕೆಟ್ಟದ್ದು ಅದರಿಂದ, ಭೈರಮ್ಮನ ತಪ್ಪಿಲ್ಲ. ತೊಟ್ಟಿ ಶುದ್ಧವಾಗಿದ್ದರೆ ತಪ್ಪೆಲ್ಲ ಭೈರಮ್ಮನದು. ಎಲ್ಲ ನಿಂತದ್ದು ನಾಲ್ಕನೇ ಬಾಟಲಿಯ ಮೇಲೆ.

ಇವತ್ತು ನಾಲ್ಕು ಗಂಟೆಗೆ ಭೈರಮ್ಮನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವುದಾಗಿ ಯೋಗೇಂದ್ರ ಹೇಳಿದ್ದರು. ಶಾರದಾಂಬರ ಸಹಿಯ ಬಲದ ಮೇಲೆ.

ಅವರು ಕಣ್ಣು ಮುಚ್ಚಿ ಬೆಳಗಿನದನ್ನು ಮತ್ತೆ ನೋಡಿದರು. ಎಂಟು ಗಂಟೆ. ಬಾಟಲಿಗಳನ್ನು ಪೆಟ್ಟಿಗೆಗೆ ಇಟ್ಟು ಹದಿನಾರು ತಾಸು. ಪುಸ್ತಕದ ಪ್ರಕಾರ ಕಾಯಬೇಕಾದದ್ದು ಇಪ್ಪತ್ತನಾಲ್ಕು ತಾಸು. ಆದರೆ ಕೊಪ್ಪದ ಬಸ್ ನಿಲ್ದಾಣದ ಎದುರಿನ ಈ ಎರಡು ಕೋಣೆಯ ಪ್ರಯೋಗಾಲಯದಲ್ಲಿ ಆರು ವರ್ಷದಿಂದ ಶುಕ್ರವಾರದ ಲೆಕ್ಕವೇ ಬೇರೆ. ಕಾಲೇಜಿನಲ್ಲಿ ಸೂಕ್ಷ್ಮಜೀವಿ ಪಾಠ ಮಾಡಿ ನಿವೃತ್ತರಾದ ದಿನ ಅವರು ಹೊತ್ತ ಹರಕೆ ಅದು: ಪ್ರತಿ ಶುಕ್ರವಾರ ಶೃಂಗೇರಿಗೆ ಹೋಗಿ ಒಂದು ಮಾಲೆ ಒಪ್ಪಿಸುವುದು. ಕೆಟ್ಟ ನೀರು ಯಾವಾಗಲೂ ಬೆಳಗಾಗುವುದರೊಳಗೆ ನೀಲಿಯಾಗುತ್ತಿತ್ತು. ಹಾಗಾಗಿ ಎಂಟಕ್ಕೆ ನೋಡಿ, ಬರೆದು, ಬಸ್ಸು ಹತ್ತುವುದು. ಆಮೇಲೆ ಒಂಬತ್ತಕ್ಕೆ ಗಂಗಾಂಬಿಕೆ ಬಂದು ಬಾಟಲಿಗಳಿಗೆ ಬ್ಲೀಚಿಂಗ್ ಪುಡಿ ಹಾಕಿ ಚೆಲ್ಲುವುದು.

ಗಂಗಾಂಬಿಕೆ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದ ದಿನಗಳಿಂದ ಜೊತೆಗಿದ್ದವಳು. ಐವತ್ತೆರಡರ ಹೆಂಗಸು, ಕೆಲಸದಲ್ಲಿ ಅರ್ಧ ಪಾಲುದಾರಳು. ಇವತ್ತು ಬೆಳಿಗ್ಗೆ ಫೋನ್ ಮಾಡಿ, ಬ್ಲೀಚಿಂಗ್ ಪುಡಿ ಖಾಲಿಯಾಗಿದೆ, ಅಂಗಡಿಯಲ್ಲೂ ಇಲ್ಲ, ತಾನು ಮಧ್ಯಾಹ್ನ ತರುತ್ತೇನೆ, ಬಾಟಲಿಗಳು ಅಲ್ಲೇ ಇರಲಿ ಎಂದಿದ್ದಳು.

ಅದೊಂದು ಕಾರಣಕ್ಕೆ ಬಾಟಲಿ ಉಳಿದಿತ್ತು.

ಇನ್ನೊಂದು ಸಂಗತಿ ಬಸ್ಸಿನಲ್ಲಿ ಹೋಗುವಾಗಲೇ ಅವರ ಮನಸ್ಸನ್ನು ಕೊರೆದಿತ್ತು. ಎಂಟಕ್ಕೆ ನಾಲ್ಕನೇ ಬಾಟಲಿಯಲ್ಲಿ ಬಣ್ಣವಿರಲಿಲ್ಲ, ನಿಜ. ಆದರೆ ಅದು ತಿಳಿಯಾಗಿಯೂ ಇರಲಿಲ್ಲ. ಅಕ್ಕಿ ತೊಳೆದ ನೀರಿನ ಹಾಗೆ ಒಂದು ಮಸುಕು. ಏನೋ ಬೆಳೆದಿದೆ, ಆದರೆ ನೀಲಿ ಮಾಡಿಲ್ಲ.

ಸನ್ನಿಧಿಯಲ್ಲಿ ಕೈಮುಗಿದು ನಿಂತಾಗಲೂ ಆ ಮಸುಕೇ ಕಣ್ಣೆದುರು. ಹೊರಗೆ ಬರುವಾಗ ತೀರಿಕೊಂಡ ಭಟ್ಟರ ತಮ್ಮ ದತ್ತಮೂರ್ತಿ ಸಿಕ್ಕಿದ್ದರು. ಭೈರಮ್ಮನ ಮೇಲೆ ದೂರು ಕೊಟ್ಟವರು ಅವರು. ಬುಧವಾರ ಪ್ರಯೋಗಾಲಯದಿಂದ ಖಾಲಿ ಬಾಟಲಿ ಒಯ್ದು, ಗುರುವಾರ ನೀರು ತುಂಬಿದ ಬಾಟಲಿಗಳನ್ನು ತಂದುಕೊಟ್ಟವರೂ ಅವರೇ. ವರದಿ ಹೋಯಿತೇ ಎಂದು ವಿಚಾರಿಸಿದರು. ಹೋಯಿತು ಎಂದಾಗ ಕಣ್ಣೊರೆಸಿಕೊಂಡರು. ಊಟ ಮುಗಿಸಿಯೇ ಹೋಗಬೇಕೆಂದು ಬಹಳ ಒತ್ತಾಯ ಮಾಡಿದರು.

“ಅವಸರ ಎಂತದೂ ಇಲ್ಲ ಅಮ್ಮ. ನಿಧಾನಕ್ಕೆ ಹೋದ್ರಾಯ್ತು.”

ಶಾರದಾಂಬ ಮೊದಲ ಬಸ್ಸಿಗೇ ಹಿಂದಿರುಗಿದ್ದರು.

ಫ್ರಿಜ್ಜಿನಲ್ಲಿ ಪ್ರತಿ ನೀರಿನ ಅರ್ಧ ಭಾಗವನ್ನು ಮೊಹರು ಮಾಡಿ ಇಡುವುದು ಅವರ ಪದ್ಧತಿ. ಈಗ ನಾಲ್ಕನೆಯದರ ಮೊಹರು ಒಡೆದು, ಸಕ್ಕರೆ ಕಾಯಿಲೆಯವರು ಮೂತ್ರ ಪರೀಕ್ಷೆಗೆ ಬಳಸುವ ಕಾಗದದ ಪಟ್ಟಿಯೊಂದನ್ನು ಅದರಲ್ಲಿ ಅದ್ದಿದರು. ಪಟ್ಟಿಯ ತುದಿಯ ತಿಳಿಹಸಿರು ಚೌಕ ಅರ್ಧ ನಿಮಿಷದಲ್ಲಿ ಕಂದು ಬಣ್ಣಕ್ಕೆ ತಿರುಗಿತು.

ತೊಟ್ಟಿಯ ನೀರಿಗೆ ಗ್ಲುಕೋಸ್ ಎಲ್ಲಿಂದ ಬರಬೇಕು?

ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತುಂಬಾ ಹೊತ್ತು ನೋಡಿದರು. ನೋಡಿದ್ದನ್ನು ಚೀಟಿಯಲ್ಲಿ ಬರೆದರು. ಒಡೆದ ಮೊಹರಿನ ಮೇಲೆ ಹೊಸದು ಹಾಕಿ, ಬಾಟಲಿಗಳನ್ನೆಲ್ಲ ಇದ್ದಲ್ಲೇ ಇಟ್ಟು, ಪಟ್ಟಿಗಳ ಡಬ್ಬಿಯನ್ನೂ ಶುದ್ಧ ನೀರಿನ ಸೀಸೆಯೊಂದನ್ನೂ ಚೀಲಕ್ಕೆ ಹಾಕಿಕೊಂಡು ನರಸಿಂಹರಾಜಪುರದ ಬಸ್ಸಿಗೆ ಓಡಿದರು. ದಾರಿಯಲ್ಲಿ ಯೋಗೇಂದ್ರರಿಗೆ ಫೋನ್ ಮಾಡಿ, ಭೈರಮ್ಮನನ್ನು ಕರೆದುಕೊಂಡು ಒಮ್ಮೆ ಮಂಟಪಕ್ಕೆ ಬರಬೇಕೆಂದು ಬೇಡಿಕೊಂಡರು.

*

ಮಂಟಪದ ಜಗಲಿಯ ತುದಿಯಲ್ಲಿ ಭೈರಮ್ಮ ಒಬ್ಬರೇ ಕುಳಿತಿದ್ದರು. ಪಕ್ಕದಲ್ಲಿ ಮಹಿಳಾ ಪೇದೆ. ಅಂಗಳದಲ್ಲಿ ಜೀಪು.

ಶಾರದಾಂಬ ಹತ್ತಿರ ಹೋದಾಗ ಭೈರಮ್ಮ ಎದ್ದು ನಿಂತರು. ಅವರ ಚಿಂತೆ ಠಾಣೆಯದಲ್ಲ, ಕೊಟ್ಟಿಗೆಯದು. ಕಪ್ಪು ದನ ಇವತ್ತೋ ನಾಳೆಯೋ ಕರು ಹಾಕುತ್ತದೆ, ಬೇರೆಯವರನ್ನು ಹತ್ತಿರ ಸೇರಿಸುವುದಿಲ್ಲ, ಸಂಜೆಯೊಳಗೆ ಬಿಟ್ಟಾರಾ ಎಂದು ಕೇಳಿದರು.

“ನೀವು ಬರ್ದ ಚೀಟಿ ಅಂತೆ ಅಮ್ಮ,” ಅಂದರು ಭೈರಮ್ಮ. “ನೀವು ಬರ್ದಿದ್ರೆ ಸುಳ್ಳಿರಾದಿಲ್ಲ. ನಂದೇ ಎಲ್ಲೋ ತಪ್ಪಾಗಿರ್‍ಬೇಕು ಅಂತ ಬೆಳಿಗ್ಗಿಂದ ಯೋಚ್ನೆ ಮಾಡ್ತಿದೀನಿ. ಎಲ್ಲಿ ಅಂತಲೇ ಗೊತ್ತಾಗ್ತಿಲ್ಲ.”

ಕೋಪದ ಮಾತಾಗಿದ್ದರೆ ತಡೆದುಕೊಳ್ಳಬಹುದಿತ್ತು. ಶಾರದಾಂಬ ಆ ಒರಟು ಕೈಯನ್ನೊಮ್ಮೆ ಹಿಡಿದು, ಬಿಟ್ಟು, ಒಳಗೆ ನಡೆದರು.

ಊಟದ ಹಜಾರದಲ್ಲಿ ಯೋಗೇಂದ್ರ ಮತ್ತು ಗಜಾನನ ಎದುರುಬದುರು ಕುಳಿತಿದ್ದರು. ಗಜಾನನ ಮಂಟಪದ ಯಜಮಾನರು, ದೊಡ್ಡ ದನಿಯವರು, ಹನ್ನೆರಡು ದಿನದಲ್ಲಿ ಸೊರಗಿದ್ದರು. ಆದರೂ ಬಂದವರಿಗೆ ಬೆಲ್ಲ ನೀರು ಇಡುವುದನ್ನು ಮರೆತಿರಲಿಲ್ಲ. ಶಾರದಾಂಬ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡರು. ನೀರು ಮುಟ್ಟಲಿಲ್ಲ.

ಗಜಾನನ ಅದನ್ನು ಗಮನಿಸಿದರು. “ಶುದ್ಧ ಅಂತ ನೀವೇ ಬರ್ದಿದೀರಿ ಶಾರದಕ್ಕ. ಕುಡಿಲಿಕ್ಕೆ ಹೆದರಿಕೆ ಎಂತಕ್ಕೆ?”

“ಬರೆದದ್ದು ತಪ್ಪು,” ಅಂದರು ಶಾರದಾಂಬ. “ಆ ಬಾಟಲಿ ನೀಲಿಯಾಗಿದೆ.”

ಗಜಾನನರ ಮುಖದಲ್ಲಿದ್ದ ನಗು ಹಾಗೇ ಉಳಿದು, ಕಣ್ಣು ಮಾತ್ರ ಬೇರೆಯಾಯಿತು.

ಯೋಗೇಂದ್ರ ಮುಂದಕ್ಕೆ ಬಾಗಿದರು. ಎಂಟಕ್ಕೆ ಇಲ್ಲದ ರೋಗಾಣು ಹನ್ನೆರಡಕ್ಕೆ ಹೇಗೆ ಬಂತು ಎಂಬುದು ಅವರ ಪ್ರಶ್ನೆ. ಎಂಟಕ್ಕೂ ಇತ್ತು, ಕೆಲಸಕ್ಕೆ ಇಳಿದಿರಲಿಲ್ಲ ಎಂದರು ಶಾರದಾಂಬ. ಆಮೇಲೆ ಮೇಜಿನ ಮೇಲೆ ಬೆರಳಿನಿಂದ ಒಂದು ಚಿಕ್ಕ ಮನೆಯ ಹಾಗೆ ಗೆರೆ ಎಳೆದು, ತರಗತಿಯಲ್ಲಿ ಹೇಳುತ್ತಿದ್ದಂತೆ ನಿಧಾನವಾಗಿ ಹೇಳಿದರು.

ಬಾಟಲಿಯಲ್ಲಿ ಹಾಲಿನ ಸಕ್ಕರೆ ಹಾಕಿರುತ್ತೇವೆ. ಕರುಳಿನ ಬ್ಯಾಕ್ಟೀರಿಯಾ ಅದನ್ನು ತಿನ್ನಬೇಕಾದರೆ ಮೊದಲು ಒಡೆಯಬೇಕು. ಒಡೆಯಲಿಕ್ಕೆ ಒಂದು ಕಿಣ್ವ ಬೇಕು. ಆ ಕಿಣ್ವ ತಯಾರಾದರೆ ಮಾತ್ರ ಜೊತೆಗೆ ಹಾಕಿದ ಬಣ್ಣದ ಪುಡಿಯೂ ಒಡೆದು ನೀಲಿ ಬಿಡುತ್ತದೆ. ಅದನ್ನು ತಯಾರಿಸುವ ವಿಧಾನ ಅದರ ವಂಶವಾಹಿಗಳಲ್ಲಿ ಬರೆದಿರುತ್ತದೆ. ಆದರೆ ಬರೆದದ್ದನ್ನೆಲ್ಲ ಆ ಜೀವಿ ಯಾವಾಗಲೂ ಓದುತ್ತ ಕೂರುವುದಿಲ್ಲ.

“ಮನೇಲಿ ಬೆಂದ ಅನ್ನ ಇದ್ದಾಗ ಯಾರಾದ್ರೂ ಭತ್ತ ಕುಟ್ತಾರಾ? ಒನಕೆ ಇರೋ ಕೋಣೆಗೆ ಬೀಗ. ಭತ್ತ ಮನೆಗೆ ಬಂದ್ರೆ ಬೀಗ ತೆಗೀತದೆ, ಹಾಲಿನ ಸಕ್ಕರೆಯ ಕೆಲಸ ಅದು. ಬೀಗ ತೆಗೆದ್ರೂ ಸಾಲದು. ಹಸಿವು ಕರೀಬೇಕು. ಅನ್ನದ ಪಾತ್ರೆ ಖಾಲಿಯಾಗೋವರೆಗೆ ಹಸಿವು ಕರಿಯೂದಿಲ್ಲ. ಅನ್ನದ ಪಾತ್ರೆ ಒಲೆ ಮೇಲಿದ್ದಷ್ಟು ಹೊತ್ತು ಭತ್ತವೂ ಸಲೀಸಾಗಿ ಒಳಗೆ ಬರೋದಿಲ್ಲ.”

“ಅನ್ನ ಅಂದ್ರೆ ಇಲ್ಲಿ?”

“ಗ್ಲುಕೋಸು. ಒಡೆಯೋ ಶ್ರಮ ಇಲ್ಲ, ಹಾಗೇ ತಿನ್ನಬಹುದು. ಬಾಟಲಿಗೆ ಯಾರೋ ಗ್ಲುಕೋಸ್ ಸೇರಿಸಿದಾರೆ. ಬೆಳಿಗ್ಗೆ ಎಂಟಕ್ಕೆ ಅವು ಅದನ್ನೇ ತಿಂದು ಬೆಳೀತಿದ್ವು, ಅದಕ್ಕೇ ಆ ಮಸುಕು. ಮುಗಿದ ಮೇಲೆ ಸ್ವಲ್ಪ ಹೊತ್ತು ಎಲ್ಲ ನಿಂತು ಹೋಗ್ತದೆ. ಬೆಳೆಯೂದಿಲ್ಲ, ಸಾಯೂದಿಲ್ಲ. ಆಮೇಲೆ ಹಾಲಿನ ಸಕ್ಕರೆಗೆ ಕೈ ಹಾಕ್ತಾವೆ. ಆಗ ನೀಲಿ.”

ಹೇಳುತ್ತ ಹೇಳುತ್ತ ಅವರ ದನಿ ತಗ್ಗಿತು. ಕಣ್ಣಿಲ್ಲದ, ಕಿವಿಯಿಲ್ಲದ ಜೀವಿಗೂ ಬೇಕಾದಾಗ ಬೇಕಾದಷ್ಟನ್ನೇ ಮಾಡುವ ಬುದ್ಧಿಯನ್ನು ಇಟ್ಟವನ ಬಗ್ಗೆ ಮೂವತ್ತು ವರ್ಷ ಪಾಠ ಮಾಡುವಾಗಲೂ ಅವರಿಗೆ ಸೋಜಿಗವಿತ್ತು. ಆ ಸೋಜಿಗದ ವಿಷಯವನ್ನೇ ಹಿಡಿದು ಯಾರೋ ಈ ಬಡ ಹೆಂಗಸಿನ ಕುತ್ತಿಗೆಗೆ ಹಗ್ಗ ಹೊಸೆದಿದ್ದರು.

ಯೋಗೇಂದ್ರ ಗಜಾನನರ ಕಡೆ ತಿರುಗಿದರು. ಬಾಟಲಿಗೆ ನೀರು ತುಂಬಿಸಿದ್ದು ಯಾರು?

ತಾನೇ ಎಂದರು ಗಜಾನನ. ಗುರುವಾರ ಬೆಳಿಗ್ಗೆ, ದತ್ತಮೂರ್ತಿಯ ಎದುರಿಗೆ. ತುಂಬಿಸುವ ಮೊದಲು ತೊಟ್ಟಿಯ ಬಾಯಲ್ಲಿ ಗಂಗೆಗೆ ಹೂವು, ಅರಿಶಿನ, ಒಂದು ಚಮಚ ಜೇನುತುಪ್ಪ ಬಿಟ್ಟು ಕೈಮುಗಿದಿದ್ದರಂತೆ. ಸಾವು ಕಂಡ ನೀರು, ತಪ್ಪಿದ್ದರೆ ಕ್ಷಮಿಸು ಎಂದು ಬೇಡಿಕೊಂಡರಂತೆ. ಜೇನಿನಲ್ಲಿ ಗ್ಲುಕೋಸ್ ಇರುವುದಿಲ್ಲವೇ? ಬೆರಳಿಗೆ ಅಂಟಿದ್ದು ಬಾಟಲಿಗೂ ಬಿದ್ದಿರಬಹುದು.

ಯೋಗೇಂದ್ರರ ಹುಬ್ಬು ಸಡಿಲವಾಯಿತು. ನಂಬುವಂಥ ಮಾತು. ಮಂಟಪದ ಯಜಮಾನ ದೈವಭಕ್ತ ಎಂಬುದು ಊರಿಗೇ ಗೊತ್ತು.

ಶಾರದಾಂಬ ಚೀಲದಿಂದ ಚೀಟಿ ತೆಗೆದರು. ಜೇನಾಗಿದ್ದರೆ ಹನಿಯಲ್ಲಿ ಹೂವಿನ ಪರಾಗದ ಕಣಗಳು ಕಾಣಬೇಕಿತ್ತು. ಈ ಸೀಮೆಯ ಜೇನಿನಲ್ಲಂತೂ ಕಾಡಿನ ಅರ್ಧ ಹೂವಿನ ಗುರುತು ಸಿಕ್ಕುತ್ತದೆ. ಅವರು ಇಡೀ ಹನಿ ಜಾಲಾಡಿದ್ದರು. ಒಂದು ಕಣವೂ ಇರಲಿಲ್ಲ.

“ಅದು ಅಂಗಡಿಯ ಗ್ಲುಕೋಸ್ ಪುಡಿ ಗಜಾನನಣ್ಣ. ತೊಟ್ಟಿ ಕೆಟ್ಟಿದೆ ಅಂತಾದ್ರೆ ಮಂಟಪಕ್ಕೆ ಬೀಗ ಬೀಳೋದು ನಿಮಗೆ. ಬೇರೆ ಯಾರಿಗೆ ಅದರಿಂದ ನಷ್ಟ?”

ಗಜಾನನರ ದೊಡ್ಡ ದನಿ ಎಲ್ಲೋ ಹೋಗಿತ್ತು.

“ನನ್ನ ತೊಟ್ಟಿ ಕೆಟ್ಟಿರಬಹುದು ಅನ್ನೋ ಹೆದರಿಕೆ ನಂಗೆ ಇತ್ತು ಅಕ್ಕ. ಕಕ್ಕಸು ಗುಂಡಿ ಹತ್ತಿರ ಒಂದು ಬಿರುಕು ಕಂಡಿತ್ತು. ಗುಂಡಿ ಕಟ್ಟಿಸಿದ ಗುತ್ತಿಗೆದಾರ ದತ್ತಮೂರ್ತಿ, ಅದ್ರಿಂದ ಎಂತದೂ ಆಗೂದಿಲ್ಲ ಅಂದಿದ್ದ. ಬಾಯಿ ಮುಚ್ಚಿಕೊಂಡಿದ್ದು ತಪ್ಪು, ಒಪ್ಕೊಳ್ತೆ. ಆದರೆ ಬಾಟಲಿಗೆ ಎಂತದೋ ಹಾಕಿದ್ರೆ ನೀಲಿ ಆಗೋದು ತಡ ಆಗ್ತದೆ ಅಂತ ತಿಳ್ಕೊಳ್ಳುವಷ್ಟು ನಾ ಓದಿದವನಾ?”

ಆ ಮಾತು ಶಾರದಾಂಬರಿಗೆ ನೇರ ನಾಟಿತು. ಗ್ಲುಕೋಸ್ ಹಾಕಿದರೆ ಸಾಲದು. ಅದರಿಂದ ಏನಾಗುತ್ತದೆಂದು ಗೊತ್ತಿರಬೇಕು. ಅದಕ್ಕಿಂತ ಹೆಚ್ಚಾಗಿ, ಶಾರದಾಂಬ ಶುಕ್ರವಾರ ಎಂಟಕ್ಕೇ ಬಾಟಲಿ ನೋಡುತ್ತಾರೆ, ಇಪ್ಪತ್ತನಾಲ್ಕು ತಾಸು ಕಾಯುವುದಿಲ್ಲ ಎಂಬುದು ಗೊತ್ತಿರಬೇಕು.

ಅದು ಎಷ್ಟು ಜನಕ್ಕೆ ಗೊತ್ತು?

ಗಜಾನನ ಎದ್ದು ಒಳಗೆ ಹೋದರು. ಯೋಗೇಂದ್ರ ತಡೆಯಲು ಎದ್ದರು, ಅಷ್ಟರಲ್ಲಿ ಅವರೇ ಮರಳಿ ಬಂದರು. ಕೈಯಲ್ಲಿ ಒಂದು ಖಾಲಿ ಬಾಟಲಿ. ಒಂದು ಒಡೆದರೆ ಇನ್ನೊಂದಿರಲಿ ಎಂದು ಪ್ರಯೋಗಾಲಯದಿಂದ ಯಾವಾಗಲೂ ಜಾಗದ ಹೆಸರು ಬರೆದು ಎರಡೆರಡು ಕೊಡುತ್ತಾರೆ. ಎರಡನೆಯದನ್ನು ಗಜಾನನ ಬಿಚ್ಚಿಯೇ ಇರಲಿಲ್ಲ. ದೇವರ ಕೋಣೆಯ ಕಪಾಟಿನಲ್ಲಿಟ್ಟಿದ್ದರು. ಬಾಯಿಗೆ ಮುಚ್ಚಿದ ಕಂದು ಕಾಗದ, ಸುತ್ತ ಬಿಳಿ ನೂಲಿನ ಗಂಟು, ಬಂದ ಹಾಗೇ ಇತ್ತು.

“ಇದನ್ನೂ ನೋಡಿಬಿಡಿ,” ಅಂದರು.

ಯೋಗೇಂದ್ರ ತಮ್ಮ ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದಂತೆ ಶಾರದಾಂಬ ಬಾಟಲಿಯನ್ನು ಕಿಟಕಿಯ ಬಿಸಿಲಿಗೆ ಹಿಡಿದರು. ತಳದಲ್ಲಿ ಒಣಗಿದ ಗಂಜಿಯಂಥ ತೆಳ್ಳನೆಯ ಬಿಳಿ ಪದರ. ಗಂಟು ಮುಟ್ಟದೆ ಕಾಗದವನ್ನಷ್ಟೇ ನಡುವೆ ಹರಿದು, ಸೀಸೆಯಿಂದ ಶುದ್ಧ ನೀರು ಬಿಟ್ಟು, ಅಲುಗಿಸಿ, ಪಟ್ಟಿ ಅದ್ದಿದರು.

ಚೌಕ ಕಂದಾಯಿತು.

ಅಂದರೆ ಗ್ಲುಕೋಸ್ ಬಾಟಲಿಗೆ ಬಿದ್ದದ್ದು ಈ ಮಂಟಪದಲ್ಲಲ್ಲ. ಇಲ್ಲಿಗೆ ಬರುವ ಮೊದಲೇ ಅದು ಒಳಗಿತ್ತು. ಕಾಗದ ಕಟ್ಟುವ ಮೊದಲೇ.

ಯೋಗೇಂದ್ರ ಏನೋ ಹೇಳುತ್ತಿದ್ದರು. ಫೋಟೋ, ಪಟ್ಟಿ ಇವೆಲ್ಲ ಸಾಲದು. ನೀಲಿಯಾದ ಬಾಟಲಿಯೂ ಮೊಹರು ಮಾಡಿದ ಉಳಿದ ನೀರೂ ನಾಲ್ಕರೊಳಗೆ ತಮ್ಮ ಕೈಗೆ ಬರಬೇಕು, ಇಲ್ಲವಾದರೆ ಬೆಳಗಿನ ವರದಿಯೇ ನಿಲ್ಲುತ್ತದೆ, ಭೈರಮ್ಮನನ್ನು ಒಳಗೆ ಕಳಿಸದೆ ತಮಗೆ ಬೇರೆ ದಾರಿ ಇಲ್ಲ. ಗಡಿಯಾರದಲ್ಲಿ ಎರಡೂ ಮುಕ್ಕಾಲು.

ಶಾರದಾಂಬರ ಕಣ್ಣು ನೂಲಿನ ಗಂಟಿನ ಮೇಲಿತ್ತು.

ಅವರ ಪ್ರಯೋಗಾಲಯದ ಬಾಟಲಿಗಳ ಗಂಟು ಬೇರೆ ಕಡೆಯ ಹಾಗಲ್ಲ. ಮಾಲೆ ಕಟ್ಟುವಾಗ ಹೂವಿಗೆ ಹಾಕುವ ಗಂಟನ್ನೇ ಹಾಕುತ್ತಾರೆ, ಎಳೆದಷ್ಟೂ ಬಿಗಿ. ಆ ಗಂಟು ಹಾಕುವವರು ಇಬ್ಬರೇ. ಶಾರದಾಂಬರ ಸುತ್ತು ಬಲಕ್ಕೆ. ಗಂಗಾಂಬಿಕೆ ಎಡಗೈಯವಳು, ಅವಳದು ಎಡಕ್ಕೆ. ಪ್ರತಿ ಗುರುವಾರ ಸಂಜೆ ಇಬ್ಬರೂ ಒಂದೊಂದು ತುದಿಯಿಂದ ಶುಕ್ರವಾರದ ಮಾಲೆ ಕಟ್ಟುತ್ತ ಬಂದು ನಡುವಿನಲ್ಲಿ ಸೇರುವರು. ಅರ್ಧ ಮಾಲೆ ಬಲಸುತ್ತು, ಅರ್ಧ ಎಡಸುತ್ತು. ಅಮ್ಮನವರಿಗೆ ನಮ್ಮಿಬ್ಬರ ಗುರುತೂ ಸಿಗಲಿ ಎಂದು ಗಂಗಾಂಬಿಕೆ ನಗುತ್ತಿದ್ದಳು.

ನಿನ್ನೆ ಸಂಜೆ ಅವಳು ಮಾಲೆಗೆ ಕೂರಲಿಲ್ಲ. ಬೆರಳು ನೋವು ಎಂದಿದ್ದಳು. ಇಷ್ಟು ವರ್ಷದಲ್ಲಿ ಮೊದಲ ಬಾರಿ ಶಾರದಾಂಬ ಒಬ್ಬರೇ ಇಡೀ ಮಾಲೆ ಕಟ್ಟಿದ್ದರು.

ಕೈಯಲ್ಲಿದ್ದ ಬಾಟಲಿಯ ಗಂಟು ಎಡಕ್ಕೆ ಸುತ್ತಿತ್ತು.

ಪಾಠದ ಕೋಣೆಯ ಹಿಂದಿನ ಬೆಂಚಿನಲ್ಲಿ ಕುಳಿತು ಅನ್ನ, ಭತ್ತ, ಒನಕೆಯ ಕಥೆಯನ್ನು ಇಪ್ಪತ್ತು ವರ್ಷ ಕೇಳಿದವಳು. ಶುಕ್ರವಾರದ ಎಂಟು ಗಂಟೆಯನ್ನು ಬಲ್ಲವಳು. ಈಗ ನೀಲಿ ಬಾಟಲಿಯ ಜೊತೆ ಪ್ರಯೋಗಾಲಯದಲ್ಲಿ ಇರಬೇಕಾದವಳು. ಮಧ್ಯಾಹ್ನ ಬ್ಲೀಚಿಂಗ್ ಪುಡಿ ತರುತ್ತೇನೆ ಎಂದವಳು.

ಶಾರದಾಂಬ ಗಂಗಾಂಬಿಕೆಗೆ ಫೋನ್ ಹಚ್ಚಿದರು. ಮೊದಲ ಕರೆಗೇ ಅತ್ತಲಿಂದ ದನಿ ಬಂತು.

“ಗಂಟು ನೋಡಿದ್ರಾ ಅಕ್ಕ?”

ಶಾರದಾಂಬ ಹೂಂ ಅಂದರು.

“ನಿಮಗೆ ಗೊತ್ತಾಗಲಿ ಅಂತಲೇ ನನ್ನ ಗಂಟೇ ಹಾಕಿದೆ. ಬ್ಲೀಚಿಂಗ್ ಪುಡಿ ಡಬ್ಬ ತುಂಬಾ ಇತ್ತು. ನಿನ್ನೆ ನಾನೇ ಮನೆಗೆ ತಗೊಂಡು ಹೋದೆ. ಆ ಬಾಟಲಿ ಮಧ್ಯಾಹ್ನದವರೆಗೆ ಉಳೀಬೇಕಿತ್ತು. ಇಲ್ಲ ಅನ್ನೋ ಧೈರ್ಯ ಇರಲಿಲ್ಲ ಅಕ್ಕ. ಇಷ್ಟೇ ಮಾಡಲಿಕ್ಕೆ ಆಯ್ತು.”

“ಯಾರು ಮಾಡಿಸಿದ್ದು?”

ಅತ್ತ ಮರದ ಬಾಗಿಲ ಮೇಲೆ ಬೆರಳ ಗಣ್ಣಿನಿಂದ ಮೆಲ್ಲಗೆ ಬಡಿದ ಸದ್ದು, ಮೂರು ಸಲ.

“ಬಾಟಲಿ ತಗೊಂಡು ಹಿಂದಿನ ಬಾಗಿಲಿಂದ ಹೊರಡು,” ಅಂದರು ಶಾರದಾಂಬ. “ಈಗಲೇ. ಉಳಿದ ನೀರೂ ತಗೋ.”

“ಹಿಂದಿನ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿದೆ ಅಕ್ಕ. ಆಗಲೇ ನೋಡಿದೆ.”

ಜಗಲಿಯಿಂದ ಭೈರಮ್ಮ ಪೇದೆಯ ಹತ್ತಿರ ಗಂಟೆ ಎಷ್ಟಾಯಿತೆಂದು ಕೇಳುತ್ತಿದ್ದರು, ದನಕ್ಕೆ ನೀರು ಕುಡಿಸುವ ಹೊತ್ತಾಯಿತೆಂದು. ಯೋಗೇಂದ್ರ ಜೀಪಿನ ಕೀಲಿ ಕೈಗೆತ್ತಿಕೊಂಡು ಯಾರು, ಎಲ್ಲಿ ಎಂದು ಸನ್ನೆ ಮಾಡಿದರು. ಶಾರದಾಂಬ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು.

ಇಪ್ಪತ್ತು ಕಿಲೋಮೀಟರ್ ಆಚೆ ಬಾಗಿಲ ಹೊರಗಿನಿಂದ ಒಂದು ದನಿ ಕೇಳಿತು. ಬೆಳಿಗ್ಗೆ ಸನ್ನಿಧಿಯ ಹೊರಗೆ ಕೇಳಿದ ಅದೇ ಮೆತ್ತನೆಯ, ಮರ್ಯಾದೆಯ ದನಿ.

“ಅವಸರ ಎಂತದೂ ಇಲ್ಲ ಗಂಗಾಂಬಿಕೆ. ನಿಧಾನಕ್ಕೆ ತೆಗೀರಿ.”

ಕಬ್ಬಿಣದ ಅಗುಳಿ ಸರಿಯಿತು. ಅದು ಸರಿದದ್ದು ಒಳಗಿನಿಂದಲೋ ಹೊರಗಿನಿಂದಲೋ ಶಾರದಾಂಬರಿಗೆ ತಿಳಿಯಲಿಲ್ಲ. ಬಾಟಲಿ ತೊಳೆಯುವ ನಲ್ಲಿಯಿಂದ ನೀರು ಧಾರಾಕಾರ ಬೀಳುವ ಸದ್ದು ಮಾತ್ರ ಕಿವಿ ತುಂಬಿತು.